ಎಸ್ತೇರಕ್ಕನ ಲವಂಗ

ಮುಂಬಯಿ ಬಳಿಯ ಡೊಂಬಿವಲಿಯ ಎಸ್ತೇರಕ್ಕನಿಗೆ ಸಿಟ್ಟು ಬಂದಿದೆಯೆಂದು ಗೊತ್ತಾಗುವುದು ಮಾತಿನಿಂದಲ್ಲ, ಲವಂಗದ ವಾಸನೆಯಿಂದ. ನಾಲಿಗೆ ಹಿಡಿತದಲ್ಲಿಲ್ಲದವರ ಪ್ರಾರ್ಥನೆ ಮನೆಯ ಸೂರನ್ನೂ ದಾಟದೆಂದು ನಂಬಿದ ಆಕೆ, ಕೋಪ ಬಂದೊಡನೆ ಸೆರಗಿನ ಗಂಟಿನಿಂದ ಲವಂಗವೊಂದನ್ನು ತೆಗೆದು ಬಾಯಿಗಿಟ್ಟರೆ ಅದರ ಖಾರ ಇಳಿಯುವವರೆಗೆ ತುಟಿ ಬಿಚ್ಚುವುದಿಲ್ಲ. ಮೇಲಿನ ಮನೆಯವರ ಒದ್ದೆ ಬೆಡ್‌ಶೀಟು ಆಕೆ ಒಣಹಾಕಿದ ಹಪ್ಪಳದ ಮೇಲೆ ತೊಟ್ಟಿಕ್ಕಿದರೂ ಲವಂಗವೇ. ಸಂಜೆ ಉಳಿದ ಹಪ್ಪಳ ಕರಿದು ಅದೇ ಮನೆಗೆ ಕೊಟ್ಟುಬರುವವಳೂ ಆಕೆಯೇ. ಕಲ್ಯಾಣದ ಆಸ್ಪತ್ರೆಯ ದಿಕ್ಕಿಲ್ಲದ ರೋಗಿಗಳಿಗೆಂದು ಗಂಜಿ ಒಯ್ಯುವಾಗ, ಲೋಕಲ್ ರೈಲಿನಲ್ಲಿ ಅಪರೂಪಕ್ಕೆ ಸಿಕ್ಕ ಸೀಟನ್ನೂ ಯಾರಿಗಾದರೂ ಬಿಟ್ಟುಕೊಟ್ಟು ಡಬ್ಬಿಯನ್ನು ಎದೆಗವಚಿಕೊಂಡು ನಿಲ್ಲುತ್ತಾಳೆ. ಈಸ್ಟರಿಗೆ ಮುಂಚಿನ ತಪಸ್ಸುಕಾಲ ಬಂತೆಂದರೆ ತಾನು ಚಹಾ ಬಿಟ್ಟು, ಬಂದವರಿಗೆಲ್ಲ ಎರಡೆರಡು ಕಪ್ ಕುಡಿಸುತ್ತಾಳೆ. ಕೊರಿಯರ್‌ನವನೂ ಹೊಸ್ತಿಲಿಂದ ಹಾಗೇ ಹೋಗುವಂತಿಲ್ಲ. "ಇರು ಮಾರಾಯ, ಒಂದು ಲೋಟ ಗಂಜಿ ಕುಡಿದು ಹೋಗು!" ಎಂದು ಕೂರಿಸುತ್ತಾಳೆ. "ಎಸ್ತೇರಕ್ಕನ ಮನೆಗೆ ಬರುವುದು ಸುಲಭ, ಬಿಟ್ಟು ಹೋಗುವುದೇ ಕಷ್ಟ" ಎಂದು ಚರ್ಚಿನ ಸಭಾಪಾಲಕರು ನಗುತ್ತಾರೆ. ಆಕೆಯೂ ನಗುತ್ತಾಳೆ, ಬಾಗಿಲ ಕಡೆ ನೋಡುತ್ತ. ಮದುವೆಯ ಮಾತಿಗೆ ಜಗಳವಾಗಿ ಮಗಳು ಪ್ರಿಸಿಲ್ಲಾ ಬ್ಯಾಗು ಹಿಡಿದು ಹೊರಟ ದಿನವೂ ಆಕೆಯ ಬಾಯಲ್ಲಿ ಲವಂಗವಿತ್ತು. "ಮಮ್ಮಿ, ಕುಛ್ ತೋ ಬೋಲೋ, ಏನಾದರೂ ಹೇಳು" ಎನ್ನುತ್ತ ಮಗಳು ಲಿಫ್ಟಿನ ಬಾಗಿಲು ಹಿಡಿದುಕೊಂಡು ಕಾದಳು. ಬಾಯಿ ತೆರೆದರೆ ಎಲ್ಲಿ ಶಾಪ ಹೊರಬೀಳುತ್ತದೋ ಎಂದು ಹೆದರಿ ಎಸ್ತೇರಕ್ಕ ತುಟಿ ಬಿಗಿದೇ ನಿಂತಳು. ಖಾರ ಇಳಿಯುವಷ್ಟರಲ್ಲಿ ಲಿಫ್ಟು ಇಳಿದುಹೋಗಿತ್ತು. ಮಗಳು ಮತ್ತೆ ಬರಲಿಲ್ಲ. ಅಂದಿನಿಂದಲೇ, ಬಾಗಿಲಿಗೆ ಬಂದ ಯಾರನ್ನೂ ಆಕೆ "ಇರು" ಎನ್ನದೆ ಕಳಿಸುವುದಿಲ್ಲ.