ಮಡ್ಲಕ್ಕಿ ಕೊಟ್ಟರು, ಮಾತು ಕೊಡಲಿಲ್ಲ

ಮದುವೆಯಾಗದವಳಿಗೆ ಮಡ್ಲಕ್ಕಿ ಕಟ್ಟಬಹುದೇ? ಕಳೆದ ಭಾನುವಾರ ಮೊಳಕಾಲ್ಮೂರಿನ ನಮ್ಮ ಪ್ರಾರ್ಥನಾ ಮಂದಿರದ ಜಗಲಿಯಲ್ಲಿ, ನನ್ನ ಬೀಳ್ಕೊಡುಗೆಯ ಹೊತ್ತಿಗೆ, ಈ ಪ್ರಶ್ನೆಯ ಮೇಲೆ ಹೆಂಗಸರ ನಡುವೆ ದೊಡ್ಡ ಚರ್ಚೆಯೇ ನಡೆಯಿತು. ಮಡಿಲು ನನ್ನದು. ನನ್ನನ್ನು ಮಾತ್ರ ಯಾರೂ ಕೇಳಲಿಲ್ಲ.

"ತವರಿಂದ ಗಂಡನ ಮನೀಗೆ ಹೋಗೋಳಿಗೆ ಕಟ್ಟೋದದು. ಈಯಮ್ಮಂಗೆ ಗಂಡನೇ ಇಲ್ವಲ್ಲೇ!"

"ಸಭೆಗೆ ಮಗಳಲ್ವಾ? ಕಟ್ಟು ಕಟ್ಟು. ಅಕ್ಕಿ ಕಂಡ ಮ್ಯಾಲೆ ಗಂಡೂ ಬರ್ತಾನೆ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಬೇರೆ ದಾರಿ ಇರಲಿಲ್ಲ.

ನಿಮಗೆ ಗೊತ್ತಿರುವಂತೆ, ಈ ವರ್ಷ ನಾನು ಚಳ್ಳಕೆರೆ ಮತ್ತು ಮೊಳಕಾಲ್ಮೂರಿನ ಎರಡು ಸಣ್ಣ ಕ್ರೈಸ್ತ ಸಭೆಗಳಲ್ಲಿ ಸಭಾಪಾಲನೆಯ ಟ್ರೈನಿಂಗ್‌ನಲ್ಲಿದ್ದೆ. (ಹೆಂಗಸು ಪಾದ್ರಿಯಾಗುವಂತಿಲ್ಲ, ಆದರೆ ಪಾದ್ರಿಯ ಕೆಲಸವನ್ನೆಲ್ಲ ಕಲಿಯಬಹುದು. ಬಿ.ಎ. ಓದಿದರೂ ಈ ತರ್ಕ ನನ್ನ ತಲೆಗೆ ಹತ್ತಿಲ್ಲ.) ಪಾದ್ರಿಗಳು ಅಪರೂಪಕ್ಕೆ ಬರುತ್ತಿದ್ದರು. ಉಳಿದ ಭಾನುವಾರಗಳಲ್ಲಿ ಬೈಬಲ್ ವಾಕ್ಯ ಓದುವುದು ನನ್ನ ಪಾಲಿಗೆ ಬರುತ್ತಿತ್ತು. ಸಭೆಯ ಗಂಡಸರಲ್ಲಿ ಸರಾಗವಾಗಿ ಓದಬಲ್ಲವರು ಇರಲಿಲ್ಲ.

ಮೊಳಕಾಲ್ಮೂರಿನ ಹೆಂಗಸರಲ್ಲಿ ಒಬ್ಬಳಿದ್ದಳು, ನೇಕಾರರ ಮನೆಯ ಸೊಸೆ ದೇವಮ್ಮ. ಮಧ್ಯಾಹ್ನ ರಾಟೆಯಲ್ಲಿ ರೇಷ್ಮೆ ನೂಲು ಸುತ್ತುತ್ತಾ, ಪುಸ್ತಕವನ್ನು ಕಾಲಬಳಿ ಇಟ್ಟುಕೊಂಡು ನನ್ನಿಂದ ಓದು ಕಲಿತಳು. "ರಾಟೆ ನಿಂತ್ರೆ ಅತ್ತೆ ಬಾಯಿ ತಿರುಗ್ತೈತೆ ಅಮ್ಮೋರೆ," ಎನ್ನುತ್ತಿದ್ದಳು. ರಾಟೆ ನಿಲ್ಲಲಿಲ್ಲ. ಓದೂ ನಿಲ್ಲಲಿಲ್ಲ.

ಹೊರಡುವ ಮೊದಲು ನಾನು ಬಯಸಿದ್ದು ಒಂದೇ. ನನ್ನ ನಂತರ ಅವಳು ಓದಬೇಕು. ಹಿಂದಿನ ವಾರ ಚಳ್ಳಕೆರೆಯಲ್ಲೂ ಓದು ಬಲ್ಲ ಶಾಂತಮ್ಮನಿಗಾಗಿ ಅಲ್ಲಿನ ಹಿರಿಯರಲ್ಲಿ ಇದನ್ನೇ ಕೇಳಿದ್ದೆ. "ನೋಡಾನ ತಾಯಿ," ಎಂದವರೇ ನನ್ನ ಗಾಡಿಗೆ ಎತ್ತು ಕಟ್ಟಿಸಿದರು. "ನೋಡಾನ" ಎಂದರೆ ಏನೆಂದು ನಿಮಗೂ ಗೊತ್ತು.

ಹಾಗಾಗಿ ಮೊಳಕಾಲ್ಮೂರಿನಲ್ಲಿ ಕೇಳುವ ಗೋಜಿಗೇ ಹೋಗಲಿಲ್ಲ. ಸಭೆಯ ಹಿರಿಯರಾದ ಸತ್ಯಪ್ಪನವರು ವಾಕ್ಯ ಓದಲು ನನ್ನನ್ನು ಕರೆದಾಗ, ಎದ್ದುಹೋಗಿ ಪುಸ್ತಕವನ್ನು ದೇವಮ್ಮನ ಕೈಗಿಟ್ಟೆ. ಮೊದಲ ಸಾಲನ್ನು ಅವಳು ಬೆರಳಿಟ್ಟು ನಿಧಾನವಾಗಿ ಓದಿದಳು. ಆಮೇಲೆ ಎಲ್ಲೂ ತಡವರಿಸಲಿಲ್ಲ. ಅವಳ ಗಂಡ ಮಾತ್ರ ಮುಗಿಯುವವರೆಗೂ ನೆಲ ನೋಡುತ್ತಿದ್ದ.

ನಂತರ ಬೀಳ್ಕೊಡುಗೆಯ ಭಾಷಣ. ಸತ್ಯಪ್ಪನವರು ಹೆಗಲ ಮೇಲಿನ ವಸ್ತ್ರದಿಂದ ಕಣ್ಣೊರೆಸಿಕೊಂಡರು. "ಅಮ್ಮೋರು ಹೊಂಟ್ರು. ಇನ್ಮ್ಯಾಲೆ ನಮಗೆ ವಾಕ್ಯ ಓದೋರು ಯಾರು? ಮೂಕರಾದ್ವಿ ನಾವು!"

ಸಭೆಯೆಲ್ಲ ಬಿಕ್ಕಿತು. ದೇವಮ್ಮ ಮಡ್ಲಕ್ಕಿಯ ತಟ್ಟೆ ಹಿಡಿದು ಅವರ ಪಕ್ಕದಲ್ಲೇ ನಿಂತಿದ್ದಳು.

ನಾನು ಸಭೆಯ ನಡುವೆ ಬಾಯಿ ಹಾಕುವವಳಲ್ಲ. ಅಂದು ಹಾಕಿದೆ. "ಈಗ ತಾನೇ ದೇವಮ್ಮ ಓದಿದಳಲ್ಲ?"

"ಓದಿದ್ಳು ತಾಯಿ, ಇಲ್ಲ ಅಂಬಂಗಿಲ್ಲ. ನೀವು ಕುಂತಿದ್ರಿ, ನಡೀತು. ವಾರವಾರ ಗಂಡಸ್ರ ಮುಂದೆ ನೇಯೋರ ಮನೆ ಸೊಸಿ ಎದ್ದು ನಿಂತ್ರೆ ಚೆಂದಾಗಿರ್ತೈತಾ?"

"ನಾನೂ ಹೆಂಗಸೇ ಅಲ್ಲವೇ?"

"ನೀವು ಬಿಡ್ರಿ. ನೀವು ಪರಸ್ಥಳದೋರು."

ಅರ್ಥವಾಯಿತೇ? ವರ್ಷವಿಡೀ ನನಗೆ ಸಿಕ್ಕ ಗೌರವದ ಗುಟ್ಟು ಇಷ್ಟೇ. ಬಂದವಳು ಒಂದು ದಿನ ಹೋಗುತ್ತಾಳೆ, ಆದ್ದರಿಂದ ಏನು ಮಾಡಿದರೂ ನಡೆಯುತ್ತದೆ. ಇಲ್ಲೇ ಉಳಿಯುವವಳು ಅದನ್ನೇ ಮಾಡಿದರೆ ಅದು ಪದ್ಧತಿಯಾಗಿಬಿಡುತ್ತದಲ್ಲ! ಹೊರಟವರನ್ನು ಹೊಗಳುವಷ್ಟು ಸುಲಭದ ಕೆಲಸ ಇನ್ನೊಂದಿಲ್ಲ. ಮರುದಿನ ಅವರಿಗೆ ಜಾಗ ಬಿಡಬೇಕಾಗಿಲ್ಲ.

ಕೊನೆಗೆ ಮಡ್ಲಕ್ಕಿ ಕಟ್ಟಿಯೇ ಕಟ್ಟಿದರು. ಸೆರಗಿಗೆ ಅಕ್ಕಿ, ಬೆಲ್ಲ, ಕೊಬ್ಬರಿ ಸುರಿಯುತ್ತಾ ದೇವಮ್ಮ ಮೆಲ್ಲಗೆ, "ಮುಂದಿನ್ ಭಾನ್ವಾರ ಎಲ್ಲಿಂದ ಓದ್ಬೇಕು, ಗುರ್ತು ಇಟ್ಟು ಹೋಗ್ರಿ," ಎಂದಳು. ಹಾಳೆಯ ಮೂಲೆ ಮಡಚಿ ಕೊಟ್ಟೆ. ಬಿಡುತ್ತಾರೋ ಇಲ್ಲವೋ, ಅವಳಂತೂ ಸಿದ್ಧಳಿದ್ದಾಳೆ.

ಗಾಡಿ ಹೊರಟಿತು. ಸತ್ಯಪ್ಪನವರು ಪಾಪ, ಹಿಂದೆಯೇ ನಾಲ್ಕು ಹೆಜ್ಜೆ ಓಡಿ ಬಂದರು. "ನಿಮ್ಮಂಥೋರ್ನ ಇನ್ನೊಬ್ರನ್ನ ಕಳಿಸ್ರಿ ತಾಯಿ! ಓದೋರಿಲ್ಲ ನಮಗೆ!"

ಎದುರಿಗೇ ನಿಂತು ಓದಿದವಳು ಕಾಣದ ಕಣ್ಣುಗಳಲ್ಲಿ, ಹೊರಟವಳಿಗಾಗಿ ಅಷ್ಟೊಂದು ನೀರು ಎಲ್ಲಿಂದ ಬರುತ್ತದೆ?