ಚಿಕ್ಕಪ್ಪನ ಬ್ಯಾರೊಮೀಟರಿಗೆ ಕುಂಕುಮ

ಫೋನಿನಲ್ಲೇ ಗಾಳಿಯ ಒತ್ತಡ ಅಳೆಯಬಹುದು ಎಂದು ಆ ಆಯುಧಪೂಜೆಯ ದಿನ ಮೊದಲು ಹೇಳಿದ್ದು ನಾನೇ ಎಂದು ನನ್ನ ನೆನಪು. ಚಿಕ್ಕಮ್ಮನನ್ನು ಕೇಳಿದರೆ ಅದು ಅವರ ಮಾತಂತೆ, ನಾನು ಆಗ ಕಡಲೆಪುರಿ ತಿನ್ನುತ್ತಿದ್ದೆನಂತೆ. ಯಾರು ಸರಿಯೋ ಹೇಳಲಾರೆ. ಭೌತಶಾಸ್ತ್ರ ಓದಿದವನು ನಾನು. ಸಾಕ್ಷಿ ಕೇಳುವ ಚಟ ಅಂಟಿಕೊಂಡು, ಈಗ ನನ್ನ ನೆನಪನ್ನೇ ನಂಬಲಾಗುತ್ತಿಲ್ಲ.

ಬ್ಯಾರೊಮೀಟರ್ ಇದ್ದದ್ದಂತೂ ನಿಜ. ಚಿಕ್ಕಪ್ಪ ಮದ್ರಾಸಿಗೆ ವರ್ಗವಾಗಿದ್ದಾಗ ಹಳೇ ಸಾಮಾನಿನ ಅಂಗಡಿಯಲ್ಲಿ ಕೊಂಡದ್ದು. ಹಿತ್ತಾಳೆಯ ಚೌಕಟ್ಟು, ಗಾಜಿನೊಳಗೆ ಪಾದರಸದ ಇಂಚುಗಳ ಅಂಕಿ, ಒಂದು ಮುಳ್ಳು. ಅಲ್ಲಿ ಮುಳ್ಳು ಮೂವತ್ತರ ಆಸುಪಾಸಿನಲ್ಲಿತ್ತು. ತೊಡೆಯ ಮೇಲಿಟ್ಟುಕೊಂಡು ರೈಲಿನಲ್ಲಿ ತಂದು ಜಯನಗರದ ಮನೆಯ ಗೋಡೆಗೆ ತೂಗುಹಾಕಿದರೆ, ಮುಳ್ಳು ಇಪ್ಪತ್ತೇಳಕ್ಕಿಂತ ಕೆಳಗೆ! ‘ಬಿರುಗಾಳಿ’ ಎಂದು ಇಂಗ್ಲಿಷಿನಲ್ಲಿ ಬರೆದ ಜಾಗವನ್ನೂ ದಾಟಿ ಕೆಳಗೆ. ಹೊರಗೆ ಹಪ್ಪಳ ಒಣಗಿಸುವಂಥ ಬಿಸಿಲು. ರೈಲಿನ ಕುಲುಕಾಟಕ್ಕೆ ಕೆಟ್ಟಿದೆ ಎಂದು ಮನೆಯವರೆಲ್ಲ ತೀರ್ಮಾನಿಸಿದರು.

ಆ ಮನೆಯಲ್ಲಿ ಆಯುಧಪೂಜೆಗೆ ಒಂದು ನಿಯಮ: ಕೆಲಸ ಮಾಡುವ ಸಾಮಾನಿಗೆ ಮಾತ್ರ ಕುಂಕುಮ. ಮಿಕ್ಸಿ, ಈಳಿಗೆಮಣೆ, ಸ್ಕೂಟರು, ಇಕ್ಕಳ ಎಲ್ಲಕ್ಕೂ ಸಾಲಿನಲ್ಲಿ ಜಾಗ. ಪ್ರತಿ ವರ್ಷ ಚಿಕ್ಕಪ್ಪ ಬ್ಯಾರೊಮೀಟರನ್ನು ಒರೆಸಿ ತಂದಿಡುವುದು, ಚಿಕ್ಕಮ್ಮ ಎತ್ತಿ ಪಕ್ಕಕ್ಕಿಡುವುದು. ಚಿಕ್ಕಮ್ಮ ಗಣಿತದ ಟೀಚರಾಗಿದ್ದವರು. ಹವಾಮಾನ ವರದಿಯಲ್ಲಿದ್ದ ಗಾಳಿಯ ಒತ್ತಡ, 1011 ಹೆಕ್ಟೊಪ್ಯಾಸ್ಕಲ್ ಅನ್ನು ಇಂಚಿಗೆ ತಿರುಗಿಸಿ, ಮೂವತ್ತರ ಹತ್ತಿರ ಬರುತ್ತದೆಂದು ತೋರಿಸಿಬಿಟ್ಟಿದ್ದರು.

ಆ ವರ್ಷವೂ ಅದೇ.

“ರೀ, ಮೂರು ಇಂಚು ಸುಳ್ಳು ಹೇಳೋದಕ್ಕೆ ಪೂಜೆ ಇಲ್ಲ. ಹಬ್ಬ ಮುಗೀಲಿ, ಗುಜರಿಗೆ ಹಾಕ್ತೀನಿ.”

“ಕೆಟ್ಟಿಲ್ಲ ಕಣೇ. ದಿನಾ ಸಂಜೆ ನಾಲ್ಕಕ್ಕೆ ಮುಳ್ಳು ಒಂದ್ಗೆರೆ ಇಳಿಯುತ್ತೆ. ಕೆಟ್ಟಿದ್ರೆ ಟೈಮಿಗೆ ಸರಿಯಾಗಿ ಇಳಿಯುತ್ತಾ?”

“ನಾಲ್ಕಕ್ಕೆ ಕಾಫಿ ಕೇಳೋದು ನೀವು, ಮುಳ್ಳಲ್ಲ.”

ಚಿಕ್ಕಪ್ಪ ನಗಲಿಲ್ಲ. ಬಟ್ಟೆಯಿಂದ ಗಾಜನ್ನು ಇನ್ನೊಮ್ಮೆ ಒರೆಸಿದರು. ಆ ಮುಖ ನೋಡಿಯೇ ಇರಬೇಕು, ನಾನು (ಅಥವಾ ಚಿಕ್ಕಮ್ಮ) ಫೋನಿನ ಮಾತೆತ್ತಿದ್ದು. ನನ್ನ ಫೋನಿನೊಳಗೆ ಒತ್ತಡ ಅಳೆಯುವ ಪುಟ್ಟ ಸಾಧನವಿದೆ. ತೆರೆದೆ. 911 ಹೆಕ್ಟೊಪ್ಯಾಸ್ಕಲ್.

“ನಿನ್ನ ಫೋನೂ ರೈಲಲ್ಲಿ ಬಂತೇನೋ?” ಎಂದರು ಚಿಕ್ಕಮ್ಮ.

ಒಂದು ಕ್ಷಣ ನನಗೂ ಹೊಳೆಯಲಿಲ್ಲ. ಆಮೇಲೆ ಹೊಳೆಯಿತು. ವರದಿಯಲ್ಲಿ ಬರುವುದು ಸಮುದ್ರಮಟ್ಟಕ್ಕೆ ಹೊಂದಿಸಿದ ಅಂಕಿ. ನಾವಿರುವುದು ಮೂರು ಸಾವಿರ ಅಡಿ ಮೇಲೆ, ಇಲ್ಲಿ ಗಾಳಿಯೇ ಹಗುರ. ರೈಲಿನಲ್ಲಿ ಏನೂ ಕೆಟ್ಟಿರಲಿಲ್ಲ. ರೈಲು ಘಟ್ಟ ಹತ್ತಿತ್ತು, ಅಷ್ಟೆ.

“ಚಿಕ್ಕಪ್ಪ, ಮುಳ್ಳು ಎಷ್ಟರಲ್ಲಿದೆ ಸರಿಯಾಗಿ ಹೇಳಿ!”

“ಇಪ್ಪತ್ತಾರು ಪಾಯಿಂಟ್ ಒಂಬತ್ತು.”

ನಾನು ಫೋನಿನಲ್ಲಿ ಲೆಕ್ಕ ಹಾಕಹೊರಟರೆ ಚಿಕ್ಕಮ್ಮ ಬಿಡಲಿಲ್ಲ. ರಂಗೋಲಿ ಸೀಮೆಸುಣ್ಣ ಹಿಡಿದು ಕೆಂಪು ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತರು. ಇಂಚಿಗೆ 25.4 ಮಿಲಿಮೀಟರ್, ಗುಣಿಸಿದರೆ ಪಾದರಸದ 683.26 ಮಿಲಿಮೀಟರ್. ಒಂದು ಮಿಲಿಮೀಟರಿಗೆ 1.333 ಹೆಕ್ಟೊಪ್ಯಾಸ್ಕಲ್. ಮತ್ತೆ ಗುಣಿಸಿದರು. ಕೊನೆಯ ಅಂಕಿ ಬರೆಯುವ ಮೊದಲು ಸೀಮೆಸುಣ್ಣ ನಿಂತಿತು. ನಂತರ ದೊಡ್ಡದಾಗಿ ಬರೆದರು: 911.

ಚಿಕ್ಕಪ್ಪ “ಆಹಾ!” ಎಂದು ಕೂಗಿದ ರಭಸಕ್ಕೆ ಎದುರು ಮನೆಯವರು ಕುಂಬಳಕಾಯಿ ಹಿಡಿದುಕೊಂಡೇ ಇಣುಕಿದರು. ಚಿಕ್ಕಮ್ಮ ಎದ್ದು, ಮಿಕ್ಸಿಯನ್ನು ಅತ್ತ ಸರಿಸಿ, ಬ್ಯಾರೊಮೀಟರನ್ನು ಸಾಲಿನ ನಟ್ಟನಡುವೆ ಇಟ್ಟರು. ಗಾಜಿನ ಮೇಲೆ, ಸರಿಯಾಗಿ ‘ಬಿರುಗಾಳಿ’ಯ ಮೇಲೆಯೇ, ಕುಂಕುಮ ಇಟ್ಟರು.

“ಇನ್ನು ಆ ನಾಲ್ಕು ಗಂಟೆ ವಿಷಯ...” ಎಂದು ಚಿಕ್ಕಪ್ಪ ಶುರುಮಾಡಿದರು.

“ಇವತ್ತಿಗೆ ಇಷ್ಟು ಸಾಕು, ಮಂಗಳಾರತಿ ತಗೊಳ್ಳಿ.”

ಈ ಮಾತುಗಳು ಇದೇ ಕ್ರಮದಲ್ಲಿ ನಡೆದವೆಂದು ನಾನು ಪ್ರಮಾಣ ಮಾಡಲಾರೆ. ಆದರೆ ಒಂದನ್ನು ಆಮೇಲೆ ನಾನೇ ಕೂತು ಪರೀಕ್ಷಿಸಿದ್ದೇನೆ. ಮೋಡವಿಲ್ಲದ ಒಂದು ದಿನ ಬೆಳಿಗ್ಗೆ ಹತ್ತಕ್ಕೆ ಫೋನು 913 ತೋರಿಸಿತು. ಸಂಜೆ ನಾಲ್ಕಕ್ಕೆ 910. ಗೋಡೆಯ ಮೇಲಿನ ಮುಳ್ಳು ಒಂದು ಗೆರೆ ಇಳಿದಿತ್ತು.