ಟೇಲರ್ ಅಕ್ಕನಿಗೆ ಮದುವೆಯಾದಾಗ

ಮೊನ್ನೆ ದಾವಣಗೆರೆಯ ಚೌಕಿಪೇಟೆಯ ಅಂಗಡಿಯೊಂದರ ಮುಂದೆ ಹೊಲಿಗೆ ಯಂತ್ರಕ್ಕೆ ಬಿಡುವ ಎಣ್ಣೆಯ ವಾಸನೆ ಬಂತು. ಕೊಳ್ಳಲು ಬಂದದ್ದೇನೆಂಬುದನ್ನೇ ಮರೆತು ಅಲ್ಲೇ ನಿಂತೆ. ಹಿಂದೆ ನಮ್ಮ ಪಕ್ಕದ ಮನೆಯಲ್ಲಿದ್ದ ಟೇಲರ್ ಅಕ್ಕನ ಸೆರಗಿಗೆ ಸದಾ ಇದೇ ವಾಸನೆ...

ಬೀದಿಯ ಮದುವಣಗಿತ್ತಿಯರ ರವಿಕೆಗಳನ್ನೆಲ್ಲ ಹೊಲಿದ ಆಕೆಗೇ ಮದುವೆಯಾಗಿರಲಿಲ್ಲ. ಲಕ್ವ ಹೊಡೆದು ಮಲಗಿದ್ದ ತಾಯಿಯನ್ನು ಬಿಟ್ಟು ಬಾ ಎಂದ ಗಂಡುಗಳಿಗೆಲ್ಲ ಒಲ್ಲೆ ಎಂದಿದ್ದಳು. ಚರ್ಚಿನಿಂದ ಬರುವಾಗ ಹೆಂಗಸರು ಕೆದಕಿದರೆ, "ಯಾವಾಗ ಆಗ್ಬೇಕು ಅಂತ ದೇವರಿಗೆ ಗೊತ್ತೈತೆ ಬಿಡ್ರಿ, ನಂಗ್ಯಾಕ ಅವಸರ?" ಎಂದು ನಗುತ್ತಿದ್ದಳು. ಯಾವಾಗಲೂ ನಗುತ್ತಿದ್ದಳೆಂದಲ್ಲ. ಯಾರದೋ ಕೂಸಿನ ದೀಕ್ಷಾಸ್ನಾನಕ್ಕೆ ಬಿಳಿ ಅಂಗಿ ಹೊಲಿಯುತ್ತ, ಯಂತ್ರ ನಿಲ್ಲಿಸಿ ಕಣ್ಣೊರೆಸಿಕೊಂಡದ್ದನ್ನು ಒಮ್ಮೆ ಕಂಡಿದ್ದೇನೆ.

ತಾಯಿ ತೀರಿಕೊಂಡಾಗ ಅಕ್ಕನ ಕೂದಲು ಅರ್ಧ ಬೆಳ್ಳಗಾಗಿತ್ತು. ಆಮೇಲೆ ಫಾದರ್ ಮೂಲಕ ಒಂದು ಸಂಬಂಧ ಬಂತು. ಗುತ್ತೂರಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಹರಿಹರದವರು. ಹೆಂಡತಿ ತೀರಿಹೋಗಿದ್ದಳು, ಹೈಸ್ಕೂಲಿಗೆ ಹೋಗುವ ಮಗಳಿದ್ದಳು. "ಈ ವಯಸ್ಸಿನಾಗ ಏನ್ ಮದುವಿ!" ಎಂದು ಬೀದಿ ಮಾತಾಡಿಕೊಂಡಿತು. ಅಕ್ಕ ತನ್ನ ರವಿಕೆಯನ್ನು ತಾನೇ ಹೊಲಿದುಕೊಂಡು ಮದುವೆಯಾಗಿ ಹರಿಹರಕ್ಕೆ ಹೋದಳು.

ಆ ಹುಡುಗಿ ಮಾತ್ರ ಒಲಿಯಲಿಲ್ಲ. ಅಕ್ಕ ಬಡಿಸಿದ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, "ನೀವು ಟೇಲರ್ರು. ನಮ್ಮಮ್ಮ ಅಲ್ಲ" ಎಂದಳಂತೆ. ಅಕ್ಕ ಜಬರದಸ್ತಿ ಮಾಡಲಿಲ್ಲ. ದಿನಾ ಬಡಿಸಿಟ್ಟು ಹಿತ್ತಲಿಗೆ ಹೋಗಿಬಿಡುತ್ತಿದ್ದಳು, ಹುಡುಗಿ ಒಬ್ಬಳೇ ಕೂತು ಉಣ್ಣಲಿ ಎಂದು.

ಅದೇ ವರ್ಷ ನನ್ನ ಬಸಿರು ನಿಲ್ಲಲಿಲ್ಲ. ನೋಡಲು ಬಂದವರೆಲ್ಲ ದೇವರ ಸಮಯಕ್ಕೆ ಕಾಯಬೇಕು ಎಂದು ಹೇಳಿ, ಚಹಾ ಕುಡಿದು ಎದ್ದು ಹೋದರು. ಯಾರ ಮುಖವನ್ನೂ ನೋಡುವುದು ಬೇಡವಾಗಿ ನಾನು ಹರಿಹರದ ಬಸ್ಸು ಹತ್ತಿದೆ. ಬಾಗಿಲಲ್ಲೇ ಅಂದೆ, "ದೇವರ ಸಮಯ ಅಂತ ನೀನೂ ಹೇಳಬ್ಯಾಡ ಅಕ್ಕ, ಸಾಕಾಗೇತೆ."

"ಹೇಳಲ್ಲಮ್ಮ. ನನ್ನ ಬದುಕಿಗೆ ಆ ಮಾತು ನಾನು ಹೇಳ್ಕಬಹುದು. ನಿನ್ನ ಸಂಕಟಕ್ಕೆ ಹೇಳಾಕೆ ನಾನ್ಯಾರು? ಬಾ, ಕೂಡು."

ಬಿಸಿ ಅನ್ನಕ್ಕೆ ಸಾರು ಹಾಕಿ ಕೊಟ್ಟು ಪಕ್ಕದಲ್ಲಿ ಕೂತಳು. ನಾನು ಅತ್ತುಬಿಟ್ಟೆ. ಆಕೆ ಸುಮ್ಮನೆ ಬೆನ್ನು ಸವರುತ್ತಿದ್ದಳು...

ಅಷ್ಟರಲ್ಲಿ ಹುಡುಗಿ ಶಾಲೆಯಿಂದ ಬಂದಳು. ಬ್ಯಾಗನ್ನು ಲಂಗದ ಹಿಂದೆ ಅಡ್ಡ ಹಿಡಿದು ಹೊಸ್ತಿಲಲ್ಲೇ ನಿಂತಿದ್ದಳು. ಮುಖವೆಲ್ಲ ಬಿಳಿಚಿತ್ತು. ಒಳಗೆ ಬರಲೂ ಆಗದು, ಹೇಳಲೂ ಬಾರದು. ಅಕ್ಕ ಒಂದೇ ನೋಟಕ್ಕೆ ಅರ್ಥಮಾಡಿಕೊಂಡಳು. ಎದ್ದು ತನ್ನ ಸೆರಗಿನಲ್ಲೇ ಅವಳನ್ನು ಸುತ್ತಿ ಬಚ್ಚಲಿಗೆ ಕರೆದೊಯ್ದಳು. ಒಳಗಿನಿಂದ ದನಿ ಕೇಳಿಸಿತು: "ಹೆದರಬ್ಯಾಡ. ಎಲ್ಲ ಹೆಣ್ಮಕ್ಕಳಿಗೂ ಆಗೋದೇ. ನಾನಿದೀನಲ್ಲ." ಸ್ವಲ್ಪ ಹೊತ್ತಿಗೆ ಹೊರಬಂದ ಹುಡುಗಿ, ನಾನಿರುವುದನ್ನೂ ಲೆಕ್ಕಿಸದೆ ಅಕ್ಕನ ತೊಡೆಯ ಮೇಲೆ ತಲೆಯಿಟ್ಟು ಮಲಗಿಬಿಟ್ಟಳು. ಅಕ್ಕ ಅವಳ ಜಡೆಯನ್ನು ಬಿಚ್ಚಿ ನಿಧಾನವಾಗಿ ಸಿಕ್ಕು ಬಿಡಿಸತೊಡಗಿದಳು.

ಸಂಜೆ ಬಸ್ಸಿಗೆ ಕಾಯುವಾಗ ಅಕ್ಕ ನನ್ನ ಕಡೆ ನೋಡದೆ ಅಂದಳು, "ಹರೇದಾಗೇ ನಂಗೆ ಮದುವಿ ಆಗಿದ್ರೆ, ಇವತ್ತು ಆ ಹೊಸ್ತಿಲಿನ ಒಳಗೆ ಯಾರಿರ್ತಿದ್ರು?"

ಕಳೆದ ವರ್ಷ ಟೇಲರ್ ಅಕ್ಕ ತೀರಿಕೊಂಡಳು. ಮಣ್ಣಿಗೆ ಹೋದಾಗ ಹಿಂದೆ ಯಾರೋ "ಮಲತಾಯಿ ಅಂತೆ" ಎಂದದ್ದು ಕೇಳಿಸಿತು. ಕಂಕುಳಲ್ಲಿ ತನ್ನ ಕೂಸನ್ನು ಎತ್ತಿಕೊಂಡಿದ್ದ ಆ ಹುಡುಗಿ ತಿರುಗಿ, "ನಮ್ಮಮ್ಮರೀ" ಎಂದಳು.

ನನಗೆ ಮಕ್ಕಳಾಗಲಿಲ್ಲ. ಈಗಲೂ ಪ್ರಾರ್ಥನೆ ಬಿಟ್ಟಿಲ್ಲ, ಆದರೆ ಆಕೆಯಂತೆ ನಂಬುವುದು ನನಗೆ ಎಲ್ಲ ದಿನವೂ ಆಗುವುದಿಲ್ಲ. ಆಗದ ದಿನ ಹೋಗಿ, ಏನನ್ನೂ ಹೇಳದ ಆಕೆಯ ಪಕ್ಕದಲ್ಲಿ ಕೂತು ಬರೋಣವೆಂದರೆ, ಹರಿಹರದಲ್ಲಿ ಈಗ ಆಕೆ ಇಲ್ಲ.